ಉಭಯ ಕುಶಲೋಪರಿ

ರುವಿಯಲ್ಲಿ ಅಂಚೆಯವನಿಲ್ಲ.
ಗೇಟಿನ ಹೊರಗೆ ಸೈಕಲ್ಲು ಒರಗಿಸಿ
ಪೋಸ್ಟ್ ಎಂದು ಕೂಗುವವರಿಲ್ಲ.
ಇರುವುದೊಂದು ಗೋಡೆ, ಗೋಡೆ ತುಂಬ ಕಬ್ಬಿಣದ ಗೂಡು,
ಗೂಡಿಗೊಂದು ನಂಬರು.
ನಮ್ಮ ಕಂಪನಿಯದು ಸಾವಿರದ ನೂರ ನಲವತ್ತೇಳು.
ಬೀಗದ ಕೈ ಚಹಾ ಮಾಡುವವನ ಹತ್ತಿರ,
ಅಂದರೆ ನನ್ನ ಹತ್ತಿರ, ಹನ್ನೊಂದು ವರ್ಷದಿಂದ.

ಬರುವುದು ಬ್ಯಾಂಕಿನ ಲಕೋಟೆ, ಹಡಗಿನ ಸಾಮಾನಿನ ಬಿಲ್ಲು,
ನೀರಿನ ಬಾಕಿ.
ಒಂದು ದಿನ ಅವುಗಳ ನಡುವೆ
ಮೊಣಕಾಲು ಮುಳುಗುವ ಹಿಮದಲ್ಲಿ ನಿಂತ ಜಿಂಕೆ.
ಹೆಸರು ಯಾವನೋ ಹೆಂಡ್ರಿಕ್,
ನಮಗಿಂತ ಮೊದಲು ಆ ಗೂಡು ಹಿಡಿದವನಿರಬೇಕು.
ಬಿಸಾಡು, ಅಂದರು ಮ್ಯಾನೇಜರು.
ಒಂಟೆ ಚಿತ್ರದ ಕಾರ್ಡು ಕೊಂಡೆ, ಮುನ್ನೂರು ಬೈಸಾ ಅಂಟಿಸಿ ಬರೆದೆ:
ಅಮ್ಮಾ, ಆ ಮನುಷ್ಯ ಇಲ್ಲಿಲ್ಲ.

ಆರು ವಾರಕ್ಕೆ ಉತ್ತರ:
ಹಾಗಾದರೆ ನೀನು ಯಾರು?

ಯಾರೆಂದು ಬರೆಯಲಿ ಅಂಗೈಯಗಲದ ಜಾಗದಲ್ಲಿ?
ಊರಲ್ಲಾದರೆ ಕಾರ್ಡಿಗೊಂದು ದಾರಿಯಿತ್ತು.
ನೆತ್ತಿಗೆ ಶ್ರೀ, ಮಗ್ಗುಲಿಗೆ ಕ್ಷೇಮ,
ಆಮೇಲೆ ಉಭಯ ಕುಶಲೋಪರಿ ಸಾಂಪ್ರತ.
ಅಷ್ಟಕ್ಕೇ ಅರ್ಧ ಕಾರ್ಡು ತುಂಬಿ
ಆಡಬೇಕಾದ ಮಾತು ಕಡಿಮೆಯಾಗುತ್ತಿತ್ತು.
ಮದುವೆಯಾದರೆ ಮೂಲೆಗೆ ಅರಿಶಿನ.
ಸಾವಾದರೆ ಜಗಲಿಯಲ್ಲೇ ಓದಿ ಅಲ್ಲೇ ಹರಿಯುವುದು,
ಹೊಸ್ತಿಲೊಳಗೆ ತರುವ ಹಾಗಿಲ್ಲ.
ಉಭಯ ಕುಶಲೋಪರಿಗೆ ಇಂಗ್ಲಿಷು ಸಿಗಲಿಲ್ಲ.
ಕೊನೆಗೆ ಬರೆದೆ: ಇಲ್ಲಿ ಇವತ್ತು ನಲವತ್ತಾರು ಡಿಗ್ರಿ.
ಹೆಸರು, ದೂಮಣ್ಣ ಶೇರಿಗಾರ.

ಅವಳು ಐನೊ. ಫಿನ್ಲೆಂಡಿನ ಬಡಗಣ ತುದಿಯಲ್ಲಿ
ಜನರ ಹಲ್ಲು ಕಿತ್ತು ಕಿತ್ತು ನಿವೃತ್ತಳಾದವಳು.
ಕಾರ್ಡು ಕೂಡಿಡುವ ತನ್ನ ಸ್ನೇಹಿತರಿಗೆಲ್ಲ
ನನ್ನ ಗೂಡಿನ ನಂಬರು ಹಂಚಿದಳು.
ಈಗ ತೈವಾನಿನ ರೈಲು, ಎಸ್ಟೋನಿಯಾದ ಅಣಬೆ,
ಪೆರುವಿನ ಹುಡುಗಿಯೊಬ್ಬಳು ತಾನೇ ಬಿಡಿಸಿದ ಕೋಳಿ
(ಅದಕ್ಕೆ ಮೂರು ಕಾಲು)
ಬಿಲ್ಲುಗಳ ಸಂದಿಯಲ್ಲಿ ಮಲಗಿ ಬರುತ್ತವೆ.
ಮ್ಯಾನೇಜರು ಮೊದಲು ಅವನ್ನೇ ತಿರುಗಿಸಿ ನೋಡಿ
ಓದಿಲ್ಲವೆಂಬಂತೆ ಮೇಜಿನ ಮೇಲಿಡುತ್ತಾರೆ.

ಒಂದು ಡಿಸೆಂಬರಿನಲ್ಲಿ ಐನೊ ಬರೆದಳು:
ಸೂರ್ಯ ಹುಟ್ಟದೆ ಇಪ್ಪತ್ತು ದಿನವಾಯ್ತು. ಇದ್ದರೆ ಸ್ವಲ್ಪ ಕಳಿಸು.
ಆ ಕಾರ್ಡು ನನ್ನ ಕೈಗೆ ಬರುವಷ್ಟರಲ್ಲಿ
ಅಲ್ಲಿ ಬೆಳಗಾಗಿಹೋಗಿತ್ತಂತೆ. ನನಗೇನು ಗೊತ್ತು.
ಮತ್ರಾ ಕಡಲದಂಡೆಯ ಕಾರ್ಡು ಆರಿಸಿ
ತಾರಸಿಯಲ್ಲಿ, ನೀರಿನ ಟಾಂಕಿಯ ಪಕ್ಕ,
ಹಪ್ಪಳದ ಹಾಗೆ ಕಲ್ಲು ಹೇರಿ
ಒಂದು ತಿಂಗಳು ಒಣಹಾಕಿದೆ. ಆಮೇಲೆ ಕಳಿಸಿದೆ.
ಉತ್ತರ ಬಂತು: ಮುಟ್ಟಿದರೆ ತಣ್ಣಗಿತ್ತು.
ಆದರೆ ನಿನ್ನ ಸಮುದ್ರದಲ್ಲಿ ನೀಲಿಯೇ ಉಳಿದಿಲ್ಲ.
ನಂಬಿದೆ.

ಕೋಣೆಯಲ್ಲಿ ನಾವು ಆರು ಜನ. ಗೋಡೆ ನನ್ನ ಪಾಲಿಗಿಲ್ಲ.
ಮೇಲಿನ ಮಂಚದ ಹಲಗೆಯ ಅಡಿಗೆ ಕಾರ್ಡು ಅಂಟಿಸಿದ್ದೇನೆ,
ಅಂಗಾತ ಮಲಗಿದವನಿಗೆ ಅದೇ ಆಕಾಶ.
ಮೇಲೆ ಶಫೀಕುಲ್ ಮಗ್ಗುಲು ಬದಲಿಸಿದರೆ
ಒಮ್ಮೊಮ್ಮೆ ಎಸ್ಟೋನಿಯಾ ಮುಖದ ಮೇಲೆ ಬೀಳುತ್ತದೆ.

ಮೊನ್ನೆ ಪೆರುವಿನ ಹುಡುಗಿ ಕೇಳಿದ್ದಾಳೆ:
ನಿನ್ನ ವಿಳಾಸದಲ್ಲಿ ಬರೀ ನಂಬರಿದೆ.
ಮನೆ ಬಾಗಿಲಿನ ಬಣ್ಣ ಯಾವುದು?

ಹನ್ನೊಂದು ವರ್ಷ ಹೊಕ್ಕು ಹೊರಟ ಬಾಗಿಲು.
ನೆನಪಿಗೆ ಬರಲಿಲ್ಲ.
ರಾತ್ರಿ ಒಂದೂವರೆಗೆ ಎದ್ದು, ಹೊರಗೆ ನಿಂತು,
ಕದ ಎಳೆದುಕೊಂಡು ಮೊಬೈಲಿನ ಬೆಳಕು ಹಿಡಿದೆ.
ಮೇಲೆ ಬೂದಿ, ಅದು ಸುಲಿದಲ್ಲಿ ಕಂದು,
ಚಿಲಕದ ಸುತ್ತ, ಕೈಗಳು ಸವೆಸಿದಲ್ಲಿ,
ಎಲ್ಲಕ್ಕಿಂತ ಹಳೆಯದೊಂದು ಹಸಿರು.
ಉಗುರಿನಿಂದ ಇನ್ನಷ್ಟು ಕೆರೆಯುತ್ತಿದ್ದೆ.

ಯಾರದು, ಎಂದ ಶಫೀಕುಲ್ ಒಳಗಿನಿಂದ, ಹೆದರಿ.

ಪೋಸ್ಟ್, ಎಂದೆ.