ಮುನ್ನೂರು ಓಮ್

ಬೈತಖೋಲದ ಮಂಜುಗಡ್ಡೆ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಕಂಪ್ರೆಸರಿನ ಪಕ್ಕ ನಿಂತ ಕಿವಿ ಇದು.
ಡಾಕ್ಟರು ಕೊಟ್ಟ ನಕ್ಷೆಯಲ್ಲಿ
ಗೆರೆ ಅರ್ಧ ದಾರಿ ನೆಟ್ಟಗೆ ನಡೆದು
ಆಮೇಲೆ ದೇವಿಮನೆ ಘಟ್ಟ ಇಳಿದ ಹಾಗೆ ಇಳಿದಿದೆ.
ಸೊಳ್ಳೆಯ ಹಾಡು ಕೇಳುವುದಿಲ್ಲ ನನಗೆ,
ಕಚ್ಚಿದ್ದಷ್ಟೇ ತಿಳಿಯುತ್ತದೆ.

ಇಂಥ ಕಿವಿಗೆ ಹೆಡ್‌ಫೋನ್ ಎಂತಕ್ಕೆ, ಎಂದಳು ಸುಗಂಧಿ.
ಇರುವಷ್ಟಕ್ಕಾದರೂ ಒಳ್ಳೇದು ಬೇಡವಾ, ಎಂದೆ.
ಚೌತಿ ಬೋನಸ್ಸು ಒಂಬತ್ತು ಸಾವಿರ:
ಗ್ರೈಂಡರಿನ ಮೋಟಾರು ಸುತ್ತಿಸಲಿಕ್ಕೆ ಎರಡು,
ಅವಳ ತಮ್ಮನಿಗೆ ಕೊಡಬೇಕಾದ್ದು ಮೂರು.
ಉಳಿದದ್ದನ್ನು ಎಣಿಸಿ, ಮತ್ತೆ ಎಣಿಸಿ,
ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಳು.

ಗ್ರೀನ್ ಸ್ಟ್ರೀಟಿನಲ್ಲಿ ಅವಧೂತ ಪೆಡ್ನೇಕರನ ಅಂಗಡಿ.
ಮುಂದೆ ಮೊಬೈಲಿನ ಕವರು, ರೀಚಾರ್ಜು;
ಹಿಂದೆ ಗಾಜಿನ ಕಪಾಟಿನಲ್ಲಿ ಬಲ್ಬು ಹಚ್ಚಿ
ದೇವರ ಹಾಗೆ ಕೂರಿಸಿದ ಮೂರು.
"ತಂತಿಯದ್ದೇ ತಗೊಳ್ಳಿ ಬಾಬ, ಬ್ಯಾಟರಿಗೆ ಕೊಡುವ ದುಡ್ಡು
ದನಿಗೆ ಸೇರುತ್ತದೆ. ನಮ್ಮ ಕಾರವಾರದ ಸೆಕೆಗೆ
ಹಿಂಬದಿ ತೆರೆದದ್ದು ಚೊಲೋ,
ಆದರೆ ಪಕ್ಕದವರಿಗೂ ಕೇಳುತ್ತದೆ."
ಪಕ್ಕದವಳು ಸುಗಂಧಿ, ಎಂದೆ.
"ಹಾಗಾದರೆ ವಿಚಾರ ಮಾಡಿ."

ನಾನು ಒಯ್ದದ್ದು ಒಂದೇ ಒಂದು.
ತೊಂಬತ್ತೆಂಟರಲ್ಲಿ, ಶಾಲೆಯ ಹಾಲಿನ ಬೈಠಕ್ಕಿನಲ್ಲಿ,
ಮೂರನೇ ಸಾಲಿನಲ್ಲಿ ಕೂತು
ಟೇಪ್‌ರೆಕಾರ್ಡರ್ ಮಡಿಲಲ್ಲಿಟ್ಟು ಹಿಡಿದ ಬಾಗೇಶ್ರೀ.
ಅದರಲ್ಲೊಂದು ಕಡೆ, ಸಮ್ಮಿಗೆ ಇನ್ನೂ ಎರಡು ಮಾತ್ರೆ ಇರುವಾಗಲೇ
ಯಾರೋ ಮೂರ್ಖ ವಾಹ್ ಎಂದುಬಿಟ್ಟಿದ್ದಾನೆ.
ಅಂದಿನಿಂದ ಅವನಿಗೆ ಬೈದಿದ್ದೇನೆ.
ಹಿಂದಿನ ಸಾಲಿನ ಬ್ಯಾಂಕಿನವ ಇರಬೇಕು ಎಂದು
ಗಜಾನನ ಭಂಡಾರಿಯ ಹತ್ತಿರ ಖಾತ್ರಿಯಾಗಿ ಹೇಳಿದ್ದೇನೆ.

ಸಾವಿರದ ಎಂಟುನೂರರದ್ದು:
ಡಗ್ಗಾ ಎಂದರೆ ಗೋಣಿಚೀಲ ಬಡಿದ ಸದ್ದು.
ಮೂರು ಸಾವಿರದ ಒಂಬೈನೂರರದ್ದು, ಹಿಂಬದಿ ತೆರೆದದ್ದು:
ಹಾಡು ಇತ್ತು, ತುಸು ದೂರದಲ್ಲಿ,
ಕಿಟಕಿ ತೆರೆದ ಮನೆಯ ಮುಂದೆ ಹಾದುಹೋದ ಹಾಗೆ.
"ಇನ್ನು ಇದು. ತಗೊಳ್ಳದಿದ್ದರೆ ಅಡ್ಡಿಲ್ಲ, ಕೇಳಿ.
ಮೂವತ್ತೊಂದು ಸಾವಿರ. ಮುನ್ನೂರು ಓಮ್."
ಅಷ್ಟು ಓಂಕಾರ ನನ್ನ ಮೊಬೈಲಿಗೆ ತಡೆಯುವುದಿಲ್ಲವಂತೆ,
ನಡುವೆ ಒಂದು ಪೆಟ್ಟಿಗೆ ಬೇಕಂತೆ, ಅದಕ್ಕೆ ಬೇರೆ ದರ.
ಎಷ್ಟು ಬುಟ್ಟಿ ಬಂಗಡೆ ಎಂದು ಲೆಕ್ಕ ಹಾಕುತ್ತಿರುವಾಗಲೇ
ನನ್ನ ತಲೆಗೆ ಇಟ್ಟುಬಿಟ್ಟ.

ತಂಬೂರಿಯ ನಾಲ್ಕು ತಂತಿ
ನಾಲ್ಕು ಕಡೆ ಕೂತವು.
ಹಾಡುವವರು ಉಸಿರು ಎಳೆದುಕೊಂಡರು.
ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ಒದ್ದರು.
ಘಟ್ಟದ ಈಚೆಗೇ, ನನ್ನ ಗೆರೆಯ ಈಚೆಗೇ
ಇಷ್ಟೆಲ್ಲ ಇತ್ತಲ್ಲ!
ಆಮೇಲೆ ಅದು ಬಂತು.
ಹಿಂದಿನ ಸಾಲಿನಿಂದ ಅಲ್ಲ.
ಟೇಪಿಗಿಂತ ಒಂದೂವರೆ ಗೇಣು ಮೇಲಿನಿಂದ,
ಎಳೆಯ ಗಂಟಲು, ಸ್ವಲ್ಪ ನೆಗಡಿ.
ವಾಹ್.
ನಾನು.

"ಹೇಗಿದೆ?" ಎಂದ ಅವಧೂತ.
ಬಹಳ ಸ್ಪಷ್ಟ, ಎಂದು ತೆಗೆದಿಟ್ಟೆ.
ಎರಡನೆಯದನ್ನು ಕಟ್ಟಿಸಿದೆ. ನೂರು ಬಿಟ್ಟ.

ರಾತ್ರಿ ಹಾಕಿಕೊಂಡೆ.
ಅಗ್ಗದ್ದರಲ್ಲಿ ದನಿ ಮತ್ತೆ ಮಸುಕಾಗಿ
ಬ್ಯಾಂಕಿನವನ ಬಾಯಿಗೇ ಮರಳೀತು ಅಂದುಕೊಂಡಿದ್ದೆ.
ಮರಳಲಿಲ್ಲ. ಗುರುತು ಸಿಕ್ಕ ಮೇಲೆ
ಕತ್ತಲಲ್ಲೂ ನಡಿಗೆ ತಿಳಿಯುತ್ತದೆ.
ಪಾಪ ಆ ಬ್ಯಾಂಕಿನವ. ವರ್ಗವಾಗಿ ಯಾವ ಊರಿಗೆ ಹೋದನೋ.

ಅವಸರದ ಆ ಹುಡುಗ ತನ್ನ ಪಾಲಿನದು ಹೇಳಿ ಮುಗಿಸಿದ.
ನಾನು ಕಾದೆ. ಒಂದು. ಎರಡು.
ಸಮ್ ಬಂತು. ಆಗ, ಮೆಲ್ಲಗೆ,
ವಾಹ್, ಎಂದೆ.

ಮಗ್ಗುಲಾದಳು ಸುಗಂಧಿ.
"ಆಗಲೇ ಒಬ್ಬ ಹೇಳಿದನಲ್ಲ."