ಬಾಡಿಗೆ ನೋವು

ದಿನಕ್ಕೆ ನೂರಿಪ್ಪತ್ತು ಮಲೋತಿ, ಬಸ್ ಚಾರ್ಜು ಬೇರೆ.
ಕೆಲಸ ಇಷ್ಟೇ: ಇಲ್ಲದ ಕಾಯಿಲೆಯನ್ನು
ಇದ್ದಂತೆ ಹೇಳುವುದು,
ಹೇಗೆ ಕೇಳಿಸಿಕೊಳ್ಳುತ್ತಾರೆ ನೋಡಿಕೊಂಡು ಬರುವುದು.

ಮಸೇರುವಿನ ಹೋಟೆಲಿನಲ್ಲಿ ಮೂರು ದಿನ ಕಲಿಸಿದರು.
ಹೆಸರು ಪಲೇಸಾ. ವಯಸ್ಸು ಇಪ್ಪತ್ತಾರು.
ಗಂಡ ವೆಲ್ಕಮ್ಮಿನ ಗಣಿಯಲ್ಲಿ, ಕಳೆದ ತಿಂಗಳು ಬಂದು ಹೋದ.
ಹತ್ತು ದಿನದಿಂದ ಬಿಳಿಸೆರಗು,
ಮೂತ್ರಕ್ಕೆ ಕೂತರೆ ಉರಿ.
ಸೂಜಿ ತಂದರೆ ಬೇಡವೆನ್ನು.
ಪರೀಕ್ಷೆಗೆ ಮಲಗು ಅಂದರೆ, ಮುಟ್ಟಾಗಿದ್ದೇನೆ ಅನ್ನು.
(ಯಾರೂ ಮಲಗು ಅನ್ನಲಿಲ್ಲ.
ಆ ಒಂದು ಸುಳ್ಳು ಖರ್ಚಾಗದೆ ನನ್ನಲ್ಲೇ ಉಳಿದಿದೆ.)

ನಿಜದ ಹೆಸರು ಲಿಪುವೊ. ಸೆಸೊಥೊದಲ್ಲಿ
ಮಾತುಗಳು ಎಂದರ್ಥ.
ಶಾಲೆಯ ನಾಟಕದಲ್ಲಿ ಮಾತ್ರ
ನನಗೆ ಕೊಟ್ಟಿದ್ದು ಹೆಣದ ಪಾತ್ರ.

ಮಫೆಟೆಂಗಿನಲ್ಲಿ ಪರದೆಯ ಕೊಕ್ಕೆ ಏಳು,
ಪರದೆ ಇಲ್ಲ.
"ಏನು, ಕೆಳಗಿನದೋ?" ಎಂದು ನರ್ಸ್ ಕೂಗಿದಳು.
ಬೆಂಚಿನ ಮೇಲಿನ ಕಂಬಳಿಗಳೆಲ್ಲ
ಒಟ್ಟಿಗೆ ನನ್ನತ್ತ ತಿರುಗಿದವು.

ಕ್ವಿಥಿಂಗ್. ನಾಲ್ಕು ನಿಮಿಷ.
ಮಾತ್ರೆ ಸರಿ, ಲೆಕ್ಕ ಸರಿ, ಕಾಂಡೋಮು ಹತ್ತು,
ಗಂಡನಿಗೊಂದು ಚೀಟಿ.
ಮುಖ ಮಾತ್ರ ಎತ್ತಲಿಲ್ಲ ಪುಣ್ಯಾತ್ಮ.
ಇಪ್ಪತ್ತಕ್ಕೆ ಹದಿನೇಳು.

ವ್ಯಾನಿನಲ್ಲಿ ಕೂತು ಗುರುತು ಹಾಕುವಾಗ
ಖೋತ್ಸೊ ಕೇಳುತ್ತಾನೆ: ಹೌದೋ? ಇಲ್ಲವೋ?
ನಡುವೆ ಇನ್ನೊಂದು ಚೌಕ ಇಲ್ಲ.

ಜೂನಿನ ಹಿಮ ಬಿದ್ದ ಮರುದಿನ ಮೊಖೊಟ್ಲಾಂಗಿನ ಮೇಲೆ,
ಕುದುರೆಗಳನ್ನು ಬೇಲಿಗೆ ಕಟ್ಟುವ ಒಂದು ಕ್ಲಿನಿಕ್ಕು.
ಬಾಗಿಲಿಗೆ ಚಿಲಕವಿಲ್ಲ.
ಮಾತೆಬೆಲ್ಲೊ ಎಂಬ ನರ್ಸ್ ತನ್ನ ಕುರ್ಚಿಯನ್ನೇ
ಬಾಗಿಲಿಗೆ ಒತ್ತಿ ಕೂತಳು,
ಗಾಳಿಗೂ ಜನಕ್ಕೂ ಬೆನ್ನು ಕೊಟ್ಟು.
"ಮಾತ್ರೆ ಮುಗಿದಿವೆ, ತಂಗಿ. ಗುರುವಾರ ಲಾರಿ ಬರಬೇಕು.
ಬಾರದಿದ್ದರೂ ನೀನು ಬಾ."
ಆಮೇಲೆ, ಯಾವ ಪಟ್ಟಿಯಲ್ಲೂ ಇಲ್ಲದ್ದು:
"ಇದನ್ನು ಯಾರಿಗಾದರೂ ಹೇಳಿದ್ದೀಯಾ?"

ಪಲೇಸಾಗೆ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.
ಉತ್ತರ ಹೇಳಿದ್ದು ನಾನು.

ಒಂಬತ್ತು ವರ್ಷದ ಕೆಳಗೆ ಇದೇ ಉರಿ.
ಕ್ಲಿನಿಕ್ಕಿನ ಗೇಟಿನ ತನಕ ಹೋಗಿ
ಬೆಂಚಿನಲ್ಲಿ ಅತ್ತೆಯ ಅಕ್ಕನನ್ನು ಕಂಡು ತಿರುಗಿ ಬಂದದ್ದು.
ಸಂತೆಯಲ್ಲಿ ಬಿಡಿಯಾಗಿ ಕೊಂಡ ಎರಡು ಬಣ್ಣದ ಗುಳಿಗೆ, ಆರು.
ಉರಿ ಹೋಯಿತು.
ಆಮೇಲೆ ಕಿಬ್ಬೊಟ್ಟೆಯಲ್ಲಿ ಒಂದು ಕಲ್ಲು ಕೂತಿತು.
ಮಗು ನಿಲ್ಲಲಿಲ್ಲ. ಗಂಡನೂ.

ಅಯ್ಯೋ ಅನ್ನಲಿಲ್ಲ ಆಕೆ. ಕಾರ್ಬನ್ನು ಇಟ್ಟು
ದೊಡ್ಡಾಸ್ಪತ್ರೆಗೆ ಚೀಟಿ ಬರೆದಳು,
ನಿಧಾನ, ಒಂದೊಂದೇ ಅಕ್ಷರ ಒತ್ತಿ.
ಹೆಸರು: ಪಲೇಸಾ.

ವ್ಯಾನು ಇಳಿಜಾರಿನಲ್ಲಿ ಜಾರುತ್ತಿತ್ತು.
ಔಷಧಿ? ಇಲ್ಲ. ಪರದೆ? ಇಲ್ಲ. ಕಾಂಡೋಮು?
ಎರಡು. ಅವು ಹಳೆಯವು.
"ಮುಂದಿನ ಆಸ್ಪತ್ರೆಗೆ ಚೀಟಿ ಕೊಟ್ಟಳಾ?
ಕೊಟ್ಟಿದ್ದರೆ ಇಲ್ಲಿ ಪಿನ್ನು ಹಾಕು."

ಕಂಬಳಿಯ ಒಳಗೆ ಚೀಟಿ ಬೆಚ್ಚಗಿತ್ತು.

ಇಲ್ಲ, ಅಂದೆ.
ಇಪ್ಪತ್ತಕ್ಕೆ ಹತ್ತಿದ್ದದ್ದು ಒಂಬತ್ತಾಯಿತು.
ಅಷ್ಟು ಹೊತ್ತು ಬಾಗಿಲು ಕಾದವಳಿಂದ
ಒಂದು ಅಂಕ ಕದ್ದೆ.

ಇವತ್ತು ಬುಧವಾರ.
ಕನ್ನಡಿಯ ಮುಂದೆ ನಿಂತು ಕಲಿಯುತ್ತಿದ್ದೇನೆ,
ಯಾರಾದರೂ ಪಲೇಸಾ ಎಂದು ಕೂಗಿದರೆ
ಎದ್ದು ನಿಲ್ಲುವುದನ್ನು.