ಬಾಂಬೋಳಿ, ಟೋಕನ್ ಮೂವತ್ನಾಕು

ಜುವಾರಿ ಸೇತುವಿ ಮ್ಯಾಲ ಬಸ್ಸು ನಿಂತಾಗ
ಅವ್ವ ಕಿಡಕಿ ಸರಳಿಗೆ ಕಿವಿ ಹಚ್ಚಿ ಕುಂತಿದ್ಲು.
ಕೆಳಗ ನೀರು, ಎರಡು ದೋಣಿ, ಒಂದು ಬಾರ್ಜು.
ಏನು ಕೇಳಸ್ತೈತಿ ಅಂತ ನಾ ಕೇಳ್ಲಿಲ್ಲ.
ಕೇಳಿದ್ರ ಹೇಳ್ತಾಳ,
ಬಸ್ಸಿನ ತುಂಬ ನಮ್ಮ ಗಲ್ಲಿ ಮಂದಿ.

ಇವತ್ತು ಸಾಲಿಯೊಳಗ ಭೂಮಿತಿ ಪರೀಕ್ಷೆ.
ನನಗ ಜ್ವರ ಅಂತ ಚೀಟಿ ಕಳಿಸೀನಿ.
ಅಪ್ಪನ ಸಹಿ ನಾನೇ ಮಾಡೂದು, ಏಳನೇ ಇಯತ್ತೆಯಿಂದ.
ಈಗೀಗ ಅಪ್ಪ ಮಾಡಿದ್ದು
ಅಪ್ಪನ ಸಹಿ ಹಂಗ ಕಾಣೂದಿಲ್ಲ.

ಡಾಕ್ಟರ್ ಬಾಯಿಗೆ ಕೊಂಕಣಿ, ಹಿಂದಿ.
ಅವ್ವಗ ಒಂದೇ, ಅದೂ ಮುದ್ದೇಬಿಹಾಳದ್ದು.
ನಡುವ ಕುರ್ಚಿ ಇರಲಿಲ್ಲ, ನಿಂತಿದ್ದೆ.

ದನಿ ಕೇಳಸ್ತಾವೇನು, ಕೇಳು, ಅಂದ್ರು.
ಕೇಳಿದೆ.
ಕುಕ್ಕರಿನ ಸೀಟಿಯೊಳಗ ಒಬ್ಬಾಕಿ ಕುಂತಾಳ,
ನನ್ನ ಹೆಸರು ಹಿಡದು ಬೈತಾಳ, ಅಂದ್ಲು ಅವ್ವ,
ಏನೇನು ಬೈತಾಳ ಅಂತನೂ ಹೇಳಿದ್ಲು.
ನಾ ಹಿಂದಿಯೊಳಗ ಹೇಳಿದ್ದು ಇಷ್ಟು:
ಹೌದು, ಒಮ್ಮೊಮ್ಮೆ.

(ಆ ಸೀಟಿ ನನ್ನ ಕಂಪಾಸ್ ಡಬ್ಬಿಯೊಳಗ ಐತಿ,
ಕೈವಾರದ ಬಾಜೂಕ.
ನಾಕು ತಿಂಗಳಾತು, ನಮ್ಮ ಮನಿ ಅನ್ನ
ತೆರದ ಬೋಗಾಣಿಯೊಳಗ ಬೇಯ್ತೈತಿ.)

ನಿದ್ದಿ? ಇಲ್ಲ. ಊಟ? ನಾ ಮದಲ ತಿಂದು ತೋರ್ಸಿದ್ರ.
ಇವು ಅಕಿನ್ನ ಕೇಳೂ ಪ್ರಶ್ನೆ ಅಲ್ಲ,
ನಾನೇ ಹೇಳಿಬಿಟ್ಟೆ.

ಆಮ್ಯಾಲ ಡಾಕ್ಟರ್ ಬಾಯಿ ಪೆನ್ನಿನಿಂದ ನನ್ನ ತೋರಿಸಿ
ಇಂವ ಯಾರು, ಕೇಳು, ಅಂದ್ರು.

ಅವ್ವ ಭಾಳ ಹೊತ್ತು ನೋಡಿದ್ಲು.
ನನ್ನ ಮಗನ ಅಂಗಿ ಹಾಕ್ಕೊಂಡಾನ.
ಮಾರಿನೂ ಹಂಗ ಮಾಡಿಸ್ಕೊಂಡಾನ.
ಆಮ್ಯಾಲ ದನಿ ಸಣ್ಣಗ ಮಾಡಿ, ನನಗ:
ತಮ್ಮಾ, ನಿನಗ ಇವ್ರ ಮಾತು ಬರ್ತೈತಲ್ಲ,
ನನ್ನ ಮಾಳಿಂಗನ್ನ ಎಲ್ಲಿ ಇಟ್ಟಾರ
ಒಂದೀಟು ಕೇಳಿ ಹೇಳೋ.

ಫ್ಯಾನು ತಿರಗತಿತ್ತು. ಬಾಗಲದಾಗ ಟೋಕನ್ ಮೂವತ್ತೈದು ಕೆಮ್ಮಿತು.
ಈ ಸಲ ಏನೂ ಬಿಡಲಿಲ್ಲ ನಾನು.
ಇವ್ರ ಮಗ ಎಲ್ಲಿ ಅದಾನಂತ
ಕೇಳಾಕತ್ಯಾರ, ಅಂದೆ.

ಬಿಳೇ ಗುಳಿಗಿ ಅರ್ಧ, ಮುಂಜಾನೆ.
ಹಳದೀದು ರಾತ್ರಿ, ಉಂಡಮ್ಯಾಲ.
ಹದಿನೈದು ದಿವಸ ಬಿಟ್ಟು ಮತ್ತ ಬರಬೇಕು.
ಅವತ್ತು ವಿಜ್ಞಾನ.

ವಾಪಸ್ ಬಸ್ಸಿನಾಗ ಒಂದೇ ಸೀಟು ಸಿಕ್ತು.
ಅಕಿ ಕುಂತು, ನಿಂತ ಹುಡುಗನ ಚೀಲ ತೊಡಿ ಮ್ಯಾಲ ಇಸಕೊಂಡ್ಲು,
ಯಾರದರ ಇರವಲ್ದ್ಯಾಕ, ಇಸಕೊಳ್ಳಾಕಿನ ಅಕಿ.
ಬಟಾಟೆ ವಡಾ ಮುರದು ಅರ್ಧ ನನಗ ಕೊಟ್ಲು.
ನಮ್ಮ ಹುಡುಗನೂ ನಿನ್ನಷ್ಟ ಅದಾನ.
ಭೂಮಿತಿ ಅಂದ್ರ ಹೆದರ್ತೈತಿ ಕೂಸು.

ಪಾಸಾಗ್ತಾನ ಬಿಡ್ರಿ, ಅಂದೆ.

ಕಂಡಕ್ಟರ್ ಬಂದ. ಕಿತ್ಲೆ?
ಎರಡು, ಅಂದೆ.
ಆಂವ ಮತ್ತ ಕೇಳಿದ.